ಬಾಲ ನೋಡಿ ಬರೆದ ವರದಿ

ಲೋಮಾ ಪ್ರಿಯೆತಾದ ಮಾವು ಬೆಳೆಗಾರರ ಸಂಘಕ್ಕೆ ಒಂದು ಪ್ರಯೋಗಶಾಲೆ ಇತ್ತು. ಹೆಸರು ದೊಡ್ಡದು, ಇದ್ದದ್ದು ಹಳೆಯ ಹಣ್ಣಿನ ಗೋದಾಮು. ಅದರೊಳಗೆ ಎರಡು ಮೇಜು, ಒಂದು ಮೈಕ್ರೋಸ್ಕೋಪು, ಮರಳು ತುಂಬಿದ ತಟ್ಟೆಗಳು, ಸ್ಪಿರಿಟ್ಟಿನ ಸೀಸೆಗಳು ಮತ್ತು ಒಬ್ದೂಲಿಯಾ. ಉಳಿದದ್ದೆಲ್ಲ ಸುಟ್ಟು ಹೋದರೂ ಒಬ್ದೂಲಿಯಾ ಒಬ್ಬಳಿದ್ದರೆ ಸಾಕು ಎಂದು ಊರಿನವರು ಹೇಳುತ್ತಿದ್ದರು. ಹೀಗೆ ಹೇಳಿ ಹೇಳಿ ಅವರು ಅವಳನ್ನು ಅರ್ಧ ಕೆಡಿಸಿದರು, ಉಳಿದರ್ಧ ಅವಳೇ ಕೆಟ್ಟಳು.

ಆರನೇ ತರಗತಿ ದಾಟದ ಹೆಂಗಸು. ಇಪ್ಪತ್ತು ವರ್ಷ ಪ್ಯಾಕಿಂಗ್ ಶೆಡ್ಡಿನಲ್ಲಿ ಮಾವು ಆರಿಸಿದವಳು. ದೋನ್ ಲಿಯೊಬಾರ್ದೊ ಎಂಬ ಮುಂಗೋಪಿ ಎಂಜಿನಿಯರು ಅವಳ ಕಣ್ಣಿನ ಚುರುಕು ಕಂಡು ಮೈಕ್ರೋಸ್ಕೋಪಿನ ಮುಂದೆ ಕೂರಿಸಿ, ಬೈದು ಬೈದು ಕಣಜಗಳನ್ನು ಗುರುತಿಸುವುದು ಕಲಿಸಿದ್ದ. ಅವನು ಸತ್ತ ಮೇಲೆ ಆ ಕುರ್ಚಿ ಅವಳದಾಯಿತು. ಈಗ ಅವಳಿಗೆ ಐವತ್ತನಾಲ್ಕು. ಹಲಾಪಾ ನಗರದಿಂದ ಡಿಗ್ರಿಯವರು ಜೀಪಿನಲ್ಲಿ ಬಂದು, ಸೀಸೆ ಚಾಚಿ, "ದೋನ್ಯಾ ಒಬ್ದು, ಇದ್ಯಾವುದು ಸ್ವಲ್ಪ ಹೇಳಿ" ಎಂದು ಮರ್ಯಾದೆಯಿಂದ ಕೇಳಿ ನಿಲ್ಲುತ್ತಿದ್ದರು. ಅವಳು ಎದ್ದು ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮಸೂರ ಮುಟ್ಟದೆ, ಹೆಸರು ಹೇಳುತ್ತಿದ್ದಳು. ಹತ್ತಕ್ಕೆ ಒಂಬತ್ತು ಸಲ ಸರಿಯಿರುತ್ತಿತ್ತು. ಅವರ ಬಾಯಿ ತೆರೆದುಕೊಳ್ಳುವುದನ್ನು ನೋಡುವುದೆಂದರೆ ಅವಳಿಗೆ ಊಟಕ್ಕಿಂತ ರುಚಿ.

ಇದು ಸೂರಿಗೆ ಗೂಡು ಕಟ್ಟಿ ಕಚ್ಚುವ ಕಣಜವಲ್ಲ. ಅರ್ಧ ಅಕ್ಕಿಕಾಳಿನಷ್ಟು ಮೈ, ಕಿತ್ತಳೆ ಬಣ್ಣ, ಹೆಣ್ಣಿಗೆ ಮೈಗಿಂತ ಉದ್ದದ ಕೂದಲೆಳೆಯ ಬಾಲ. ಹಣ್ಣಿನೊಳಗೆ ನೊಣದ ಹುಳು ಎಲ್ಲಿದೆ ಎಂದು ಸಿಪ್ಪೆಯ ಮೇಲಿಂದಲೇ ತಿಳಿದುಕೊಂಡು, ಬಾಲ ತೂರಿಸಿ, ಹುಳುವಿನ ಮೈಯೊಳಗೆ ಮೊಟ್ಟೆಯಿಡುತ್ತದೆ. ಹುಳು ಮಣ್ಣಿಗಿಳಿದು ಕೋಶ ಕಟ್ಟಿದಾಗ ಅದರಿಂದ ನೊಣ ಬರುವ ಬದಲು ಕಣಜ ಬರುತ್ತದೆ. ಮಾವಿನ ಊರಿಗೆ ಇದಕ್ಕಿಂತ ದೊಡ್ಡ ಉಪಕಾರಿ ಬೇರೆ ಇಲ್ಲ.

ಲೋಮಾ ಪ್ರಿಯೆತಾದಲ್ಲಿ ಇವು ಎರಡು ಬಗೆ. ಒಂದು ಚೀಲದ ಕಣಜ. ಆರು ವರ್ಷದಿಂದ ಸರ್ಕಾರದವರು ಕಾರ್ಖಾನೆಯಲ್ಲಿ ಸಾಕಿ, ಕಾಗದದ ಚೀಲದಲ್ಲಿ ತಂದು ತೋಟಕ್ಕೆ ಬಿಡುತ್ತಿದ್ದ ಪರದೇಶದ ಜಾತಿ. ಇನ್ನೊಂದು ಊರ ಕಣಜ, ಅಜ್ಜಂದಿರ ಕಾಲದಿಂದ ಇಲ್ಲೇ ಇರುವುದು. ಬಣ್ಣ ಒಂದೇ, ಬಾಲವೂ ಒಂದೇ ಎನ್ನಬಹುದು. ವ್ಯತ್ಯಾಸ ಇರುವುದು ಮುಖದಲ್ಲಿ. ಚೀಲದ್ದರ ಬಾಯಿ ಬಿಗಿಯಾಗಿ ಮುಚ್ಚಿರುತ್ತದೆ. ಊರಿನದ್ದರ ತುಟಿಗೂ ದವಡೆಗೂ ನಡುವೆ ಒಂದು ಸಂದು ಇರುತ್ತದೆ. ಅದು ಕಾಣಬೇಕಾದರೆ ಸಣ್ಣ ಕುಂಚದಿಂದ ಒಂದೊಂದನ್ನೂ ಹೊರಳಿಸಿ, ತಲೆಯನ್ನು ನಮ್ಮ ಕಡೆ ತಿರುಗಿಸಿ, ಮಸೂರದಲ್ಲಿ ನೋಡಬೇಕು. "ಬಾಲ ಯಾವ ಕತ್ತೆಗೂ ಕಾಣ್ಸುತ್ತೆ, ನೀನು ಮುಖ ನೋಡು!" ಎಂದು ದೋನ್ ಲಿಯೊಬಾರ್ದೊ ದಿನಕ್ಕೆ ಹತ್ತು ಸಲ ಕೂಗುತ್ತಿದ್ದ.

ಆ ವರ್ಷ ಸಂಘದ ಅಧ್ಯಕ್ಷ ದೋನ್ ರುತಿಲಿಯೊ ಕಾಡು ಅಮಟೆ ಮರಗಳ ಮೇಲೆ ಕಣ್ಣು ಹಾಕಿದ. ಹಳ್ಳದ ದಂಡೆಯಲ್ಲಿ, ಬೇಲಿಗಳಲ್ಲಿ ಯಾರೂ ನೆಡದೆ ಬೆಳೆದ ಮರಗಳು. ಆಗಸ್ಟಿನಲ್ಲಿ ಹಳದಿ ಹಣ್ಣು ನೆಲ ತುಂಬ ಉದುರಿ, ಅದರಲ್ಲಿ ನೊಣದ ಹುಳು ಮಿಜಿಮಿಜಿ ಎನ್ನುತ್ತದೆ. ಇವೇ ನೊಣದ ತವರುಮನೆ, ಕಡಿದುಬಿಡೋಣ ಎಂಬುದು ಅವನ ವಾದ. ಹಳಬರು, ಅಮಟೆಯಲ್ಲಿ ಊರ ಕಣಜವೂ ಹುಟ್ಟುತ್ತದೆ, ಅದು ಮಾವಿಗೂ ಬರುತ್ತದೆ ಎಂದರು. ಕೊನೆಗೆ ಒಪ್ಪಂದವಾಯಿತು: ಒಂದು ತೋಟದ ಹಣ್ಣು ತಂದು ಪರೀಕ್ಷೆ ಮಾಡುವುದು. ಊರ ಕಣಜ ಬಂದರೆ ಮರ ಉಳಿಯುತ್ತದೆ. ಬರೀ ನೊಣ ಮತ್ತು ಚೀಲದ ಕಣಜ ಬಂದರೆ ಕೊಡಲಿ. ಚೀಲದ್ದು ಹೇಗೂ ಚೀಲದಲ್ಲಿ ಬರುತ್ತದೆ, ಅದಕ್ಕೆ ಮರ ಯಾಕೆ?

ಆರಿಸಿದ್ದು ಎರ್ಮಿನಿಯಾಳ ತೋಟ. ಅವಳ ಅಂಗಳದ ಬೇಲಿಗೆ ಹನ್ನೊಂದು ಅಮಟೆ ಮರ. ಎರ್ಮಿನಿಯಾಳ ಮಗಳಿಗೆ ಚರ್ಚಿನಲ್ಲಿ ದೀಕ್ಷಾಸ್ನಾನದ ನೀರು ಹಾಕಿಸಿದಾಗ ಧರ್ಮತಾಯಿಯಾಗಿ ಮಗುವನ್ನು ಎತ್ತಿಕೊಂಡು ನಿಂತವಳು ಒಬ್ದೂಲಿಯಾ. ಅವತ್ತಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ. ಅಲ್ಲಿ ಈ ನಂಟು ರಕ್ತಸಂಬಂಧಕ್ಕಿಂತ ಗಟ್ಟಿ. ಅಕ್ಕತಂಗಿಯರು ಜಗಳವಾಡಿ ಮಾತು ಬಿಡಬಹುದು, ಕೊಮಾದ್ರೆಗಳು ಬಿಡುವ ಹಾಗಿಲ್ಲ.

ಹಣ್ಣು ಬಂತು. ತಟ್ಟೆಯ ಮರಳಿಗೆ ಹುಳು ಇಳಿಯಿತು, ಕೋಶವಾಯಿತು. ಸಹಾಯಕಿ ನಸಾರಿಯಾ ಜರಡಿಯಾಡಿಸಿ ಕೋಶ ತೆಗೆದು, ಹೊರಬಂದ ಕಣಜಗಳನ್ನು ಸೀಸೆಗೆ ಹಾಕಿ, ಪೆನ್ಸಿಲಿನಲ್ಲಿ ಚೀಟಿ ಬರೆದು ಒಳಗಿಟ್ಟಳು. ನಲವತ್ತರ ವಿಧವೆ, ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳು ಅವಳ ಕೈ ನೋಡಿಕೊಂಡಿದ್ದರು. ಚೀಟಿ ಬರೆಯುವಾಗ ನಾಲಿಗೆಯ ತುದಿ ಕಚ್ಚಿಕೊಂಡು ಬರೆಯುವಷ್ಟು ಶ್ರದ್ಧೆ. ಕಣಜಗಳು ಒಟ್ಟು ನೂರ ಎಂಬತ್ತಾರು.

ಒಂದೊಂದರ ಮುಖ ನೋಡಿದರೆ ಒಂದೂವರೆ ದಿನದ ಕೆಲಸ. ಒಬ್ದೂಲಿಯಾ ಕುಳಿತದ್ದು ಶನಿವಾರ ಹನ್ನೊಂದೂವರೆಗೆ. ಅವತ್ತೇ ನಾಲ್ಕು ಗಂಟೆಗೆ ಸಂಘ ಅವಳಿಗೆ ಸನ್ಮಾನ ಇಟ್ಟುಕೊಂಡಿತ್ತು. ಅವಳ ಹೆಸರು ಕೊರೆದ ಫಲಕ, ಹೂಗುಚ್ಛ, ಹಲಾಪಾದಿಂದ ಇಬ್ಬರು ಅತಿಥಿಗಳು. ವರದಿಯನ್ನೂ ಅದೇ ವೇದಿಕೆಯಲ್ಲಿ ಓದಬೇಕು, ಬೇಗ ಕೊಡಿ ಎಂದು ರುತಿಲಿಯೊ ಹೇಳಿ ಕಳಿಸಿದ್ದ. ಇದೆಲ್ಲದರ ಮೇಲೆ ಒಂದು ಗಂಟೆಗೆ ಚಾಯೊಳ ಅಂಗಡಿಯಲ್ಲಿ ಕೂದಲಿಗೆ ಬಣ್ಣ ಹಾಕಿಸಿ, ಸುರುಳಿ ಮಾಡಿಸಿಕೊಳ್ಳುವುದಿತ್ತು. ಮೊದಲ ಎರಡು ಕಣಜಗಳ ಮುಖವನ್ನು ಅವಳು ನಿಜವಾಗಿಯೂ ತಿರುಗಿಸಿ ನೋಡಿದಳು. ಎರಡೂ ಚೀಲದವೇ. ಸರಿ, ಇನ್ನೇನು ಎಂದುಕೊಂಡು ಉಳಿದವನ್ನು ಬಿಳಿ ಬಟ್ಟಲಿಗೆ ಸುರಿದು, ಬಣ್ಣ ನೋಡಿದಳು, ಬಾಲ ನೋಡಿದಳು. ಚೀಲದ್ದು, ಚೀಲದ್ದು, ಚೀಲದ್ದು. ಗಂಡಿಗೆ ಬಾಲವಿಲ್ಲ. ಜೊತೆಯಲ್ಲಿದ್ದವಳ ಜಾತಿಯೇ ಅವನದೂ ಎಂದು ಬರೆದಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ, ಅವಳು ಪ್ರತ್ಯಕ್ಷವನ್ನೂ ಕಂಡಿರಲಿಲ್ಲ. ಹನ್ನೆರಡೂವರೆಗೆ ಸಹಿ ಹಾಕಿ, ಬಾಗಿಲಿಗೆ ಬೀಗ ಹಾಕಿ ಹೊರಟಳು.

ಕೂದಲು ಚೆನ್ನಾಗಿ ಬಂದಿತ್ತು. ಚಪ್ಪಾಳೆಯೂ ಜೋರಾಗಿ ಬಂತು. ವರದಿ ಓದಿದಾಗ ಎರ್ಮಿನಿಯಾ ಮುಂದಿನ ಸಾಲಿನಲ್ಲಿ ಕುಳಿತಿದ್ದಳು. ಮರ ಹೋಗುತ್ತದೆ ಎಂದು ತಿಳಿದೂ ಅವಳು ಚಪ್ಪಾಳೆ ತಟ್ಟಿದಳು. ಮುಂದಿನ ವಾರ ಹನ್ನೊಂದೂ ಮರ ನೆಲಕ್ಕುರುಳಿದವು.

ತಿಂಗಳು ಕಳೆದ ಮೇಲೆ ಹಲಾಪಾದ ವಿಶ್ವವಿದ್ಯಾಲಯದಿಂದ ಒಂದು ಪತ್ರ. ವಿದ್ಯಾರ್ಥಿಗಳಿಗೆ ತೋರಿಸಲು ಚೀಲದ ಕಣಜ ಮೂವತ್ತು ಬೇಕು, ಸೂಜಿಗೆ ಕೂರಿಸಿ ಕಳಿಸಿ ಎಂದು. ಎರ್ಮಿನಿಯಾಳ ತೋಟದ ಸೀಸೆಯಲ್ಲಿ ಬೇಕಾದಷ್ಟಿತ್ತಲ್ಲ, ಅದನ್ನೇ ತೆಗೆದಳು. ಸೂಜಿಗೆ ಚುಚ್ಚಿದ ಕಾಗದದ ಮೊನೆಗೆ ಅಂಟು ಮುಟ್ಟಿಸಿ ಕಣಜವನ್ನು ಕೂರಿಸುವಾಗ ಅದರ ಮುಖ ತಾನಾಗಿಯೇ ಎದುರಿಗೆ ಬರುತ್ತದೆ. ಮೊದಲನೆಯದರ ತುಟಿಯ ಕೆಳಗೆ ಸಂದು ಕಂಡಿತು. ಎಲ್ಲೋ ಒಂದು ಸೇರಿಕೊಂಡಿದೆ ಎಂದುಕೊಂಡಳು. ಎರಡನೆಯದಕ್ಕೂ ಸಂದು. ಮೂರನೆಯದಕ್ಕೂ. ಎಂಟನೆಯದು ಮುಗಿಯುವಷ್ಟರಲ್ಲಿ ಅವಳ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಇಡೀ ಸೀಸೆ ಸುರಿದು, ಒಂದೂವರೆ ದಿನ ಕುಳಿತು ನೋಡಿದಳು. ನೂರ ಎಂಬತ್ತಾರರಲ್ಲಿ ನೂರ ಎಪ್ಪತ್ತೊಂದು ಊರ ಕಣಜ.

ಆ ಹೊತ್ತಿನಲ್ಲಿ ಅವಳು ಏನು ಮಾಡಿದಳು ಎಂದು ಹೇಳಲು ನಾಲಿಗೆ ಹಿಂಜರಿಯುತ್ತದೆ. ನಸಾರಿಯಾ ಪಕ್ಕದ ಮೇಜಿನಲ್ಲಿ ಕೋಶ ಎಣಿಸುತ್ತಿದ್ದಳು. ಒಬ್ದೂಲಿಯಾ ಅವಳ ಕಡೆ ತಿರುಗಿದಳು.

"ಈ ಚೀಟಿ ಬರ್ದೋರು ಯಾರು?"

"ನಾನೇ ದೋನ್ಯಾ. ಯಾಕೆ?"

"ಯಾಕಾ? ಇದು ಎರ್ಮಿನಿಯಾ ತೋಟದ ಸೀಸೆ ಅಲ್ಲವೇ ಅಲ್ಲ. ಇದರಲ್ಲಿರೋದು ಬೇರೆ ಕಣಜ. ಎಲ್ಲಿಂದೆಲ್ಲಿಗೆ ಹಾಕಿದ್ದೀಯಾ ಚೀಟೀನ?"

ನಸಾರಿಯಾಳ ಮುಖ ಸುಣ್ಣವಾಯಿತು. ಸೀಸೆ ತೆಗೆದುಕೊಂಡು ಚೀಟಿಯನ್ನು ಎರಡು ಸಲ ಓದಿದಳು. ತಾನೇ ಬರೆದ ಅಕ್ಷರ ನೋಡಿ ತನ್ನನ್ನೇ ಅನುಮಾನಿಸತೊಡಗಿದಳು. ಎದುರಿಗಿರುವವಳು ಒಬ್ದೂಲಿಯಾ, ಅವಳು ತಪ್ಪುವುದುಂಟೇ?

"ಆ ವಾರ ಅಮ್ಮನಿಗೆ ಜ್ವರ ಇತ್ತು ದೋನ್ಯಾ… ನಿದ್ದೆ ಇರ್ಲಿಲ್ಲ. ಆಗಿರ್ಬೋದು. ನಂಗೆ ನೆನಪಿಲ್ಲ, ಆದ್ರೆ ಆಗಿರ್ಬೋದು." ಆಮೇಲೆ ಒಬ್ದೂಲಿಯಾಳ ತೋಳು ಹಿಡಿದಳು. "ಮರ ಹೋಯ್ತಲ್ಲ ನನ್ನಿಂದ! ದೋನ್ ರುತಿಲಿಯೊಗೆ ಹೇಳ್ಬೇಡಿ, ಕೆಲಸ ಹೋಗುತ್ತೆ. ನಿಮ್ಮ ಕಾಲಿಗೆ ಬೀಳ್ತೀನಿ."

ಚೀಟಿ ಸರಿಯಾಗಿದೆ ಎಂದು ಒಬ್ದೂಲಿಯಾಳಿಗೆ ಗೊತ್ತಿತ್ತು. ಆ ವಾರ ಬೇರೆ ಯಾವ ತೋಟದ ಅಮಟೆಯೂ ಬಂದಿರಲಿಲ್ಲ. ಆದರೂ ಅವಳು ಹೇಳಿದ್ದು, "ಹೇಳಲ್ಲ ಹೋಗು. ಇನ್ಮೇಲೆ ಹುಷಾರಾಗಿರು."

ಮಾರನೆಯ ದಿನ ನಸಾರಿಯಾ ಬಾಳೆಎಲೆಯಲ್ಲಿ ಕಟ್ಟಿ ಬೇಯಿಸಿದ ತಮಾಲೆ ತಂದಳು. ಒಳಗೆ ಹಂದಿಮಾಂಸ, ಪರಿಮಳದ ಎಲೆ. ಜೋಳದ ಹಿಟ್ಟಿನ ಈ ಕಡುಬಿಗೆ ಒಂದು ದಿನದ ದುಡಿಮೆ ಬೇಕು. "ನೀವು ನನ್ನ ಮಾನ ಉಳ್ಸಿದ್ರಿ" ಎಂದು ಮುಂದಿಟ್ಟಳು. ಒಬ್ದೂಲಿಯಾ ಬೇಡವೆನ್ನಲಿಲ್ಲ. ಬೇಡವೆಂದರೆ ಕಾರಣ ಹೇಳಬೇಕಾಗುತ್ತಿತ್ತು. ಒಂದು ತಿಂದಳು, ರುಚಿಯಾಗಿತ್ತು, ಇನ್ನೆರಡು ತಿಂದಳು. ಮನೆಗೆ ಹೋಗಿ ಕೈ ತೊಳೆಯುವಾಗ ಬೆರಳಿಗೆ ಇನ್ನೂ ಆ ಎಲೆಯ ವಾಸನೆ ಇತ್ತು, ಅವಳಿಗೆ ತನ್ನ ಮೇಲೆ ಅಸಹ್ಯ ಹುಟ್ಟಿತು.

ಆಮೇಲಿನ ದಿನಗಳು ಅದಕ್ಕಿಂತ ಕೆಟ್ಟವು. ನಸಾರಿಯಾ ಈಗ ಪ್ರತಿ ಚೀಟಿಯನ್ನೂ ಬೆರಳಿಟ್ಟು ಮೂರು ಸಲ ಗಟ್ಟಿಯಾಗಿ ಓದುತ್ತಿದ್ದಳು. ತೋಟದ ಹೆಸರು, ಹಣ್ಣು, ತಾರೀಕು. ಓದಿ ಒಬ್ದೂಲಿಯಾಳ ಕಡೆ ನೋಡುತ್ತಿದ್ದಳು, ಸರಿಯಾ ಎಂಬಂತೆ. ಅವಳ ಕೈಯಿಂದ ಜಾರಿ ಎರಡು ಸೀಸೆ ಒಡೆದವು. ಒಳ್ಳೆಯ ಕೆಲಸಗಾರ್ತಿಯೊಬ್ಬಳು ಕಣ್ಣೆದುರಿಗೆ ಹಾಳಾಗುತ್ತಿದ್ದಳು. ಅವಳನ್ನು ಹಾಳು ಮಾಡುತ್ತಿರುವವಳು ತಾನೇ ಎಂದು ಗೊತ್ತಿದ್ದೂ ಒಬ್ದೂಲಿಯಾ ಬೆಳಿಗ್ಗೆ ಬಂದು, ಕುರ್ಚಿ ಎಳೆದುಕೊಂಡು, "ಸರಿಯಾಗಿದೆ ಬಿಡು" ಎನ್ನುತ್ತಿದ್ದಳು. ನಾಚಿಕೆಯೆಂಬುದು ಅನ್ನದಲ್ಲಿ ಕಲ್ಲು ಸಿಕ್ಕಂತೆ. ಉಗುಳಬೇಕು, ಇಲ್ಲವೇ ನುಂಗಬೇಕು. ಅವಳು ಕಲ್ಲನ್ನು ಬಾಯಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದಳು.

ಹೀಗೇ ವರ್ಷ ಕಳೆಯುತ್ತಿತ್ತೇನೋ. ಆದರೆ ಸಂಘದ ಗೋಡೆಗೆ ಒಂದು ಪ್ರಕಟಣೆ ಅಂಟಿತು. ಬರುವ ಭಾನುವಾರ ಮಹಾಸಭೆ. ಹಳ್ಳದ ಎರಡೂ ದಂಡೆಯ ಅಮಟೆ ಮರಗಳನ್ನು, ನಲವತ್ತು ತೋಟದಲ್ಲಿ ಇನ್ನೂರಕ್ಕೂ ಹೆಚ್ಚು, ಕಡಿಯುವ ತೀರ್ಮಾನ. ಆಧಾರ, ಶ್ರೀಮತಿ ಒಬ್ದೂಲಿಯಾ ಸಮೂದಿಯೊ ಅವರ ವರದಿ. ಆ ಮರಗಳು ಹೋದರೆ ಊರ ಕಣಜಕ್ಕೆ ಈ ಕಣಿವೆಯಲ್ಲಿ ಇನ್ನು ಮನೆಯಿಲ್ಲ. ಇದನ್ನು ಊರಿನಲ್ಲಿ ಒಬ್ದೂಲಿಯಾಳಷ್ಟು ಚೆನ್ನಾಗಿ ತಿಳಿದವರು ಯಾರೂ ಇರಲಿಲ್ಲ.

ಅವಳು ಮೊದಲು ಸಂದಿಯಲ್ಲಿ ನುಸುಳಲು ನೋಡಿದಳು. ರುತಿಲಿಯೊನ ಮನೆಗೆ ಹೋಗಿ, ಇನ್ನೊಂದು ಸಲ ಹಣ್ಣು ತಂದು ನೋಡಿದರೆ ಹೇಗೆ ಎಂದಳು.

"ಹಣ್ಣೆಲ್ಲಿದೆ ದೋನ್ಯಾ ಒಬ್ದು? ಕಾಲ ಮುಗೀತು. ಗರಗಸದವರಿಗೆ ದಿನ ಕೊಟ್ಟಾಯ್ತು." ಅವನು ಮೀಸೆಯ ಮೇಲೆ ಬೆರಳಾಡಿಸಿದ. "ನೀವು ಸುಮ್ನೆ ಬರೋರಲ್ಲ. ಏನೋ ಇದೆ. ಆ ನಸಾರಿಯಾ ಚೀಟಿ ಪಾಟಿ ಅದಲು ಬದಲು ಮಾಡಿದ್ದಾಳಾ? ಹಾಗಿದ್ರೆ ಹೇಳಿ, ಅವಳನ್ನ ಕಳಿಸಿ ಬೇರೆಯವರನ್ನ ತಗೊಳ್ಳೋಣ. ನಿಮ್ಮ ಹೆಸರಿಗೆ ಚುಕ್ಕೆ ಬರೋ ಹಾಗೆ ನಾನು ಬಿಡಲ್ಲ."

"ನೋಡ್ತೀನಿ" ಎಂದಳು ಒಬ್ದೂಲಿಯಾ. ಇಲ್ಲ ಎನ್ನಬೇಕಿತ್ತು. ದಾರಿಯುದ್ದಕ್ಕೂ ಆ ಮಾತಿಗೆ ತನ್ನನ್ನು ತಾನೇ ಶಪಿಸಿಕೊಂಡಳು.

ಭಾನುವಾರ ಪೂಜೆ ಮುಗಿದ ಮೇಲೆ ಶಾಲೆಯ ತಗಡಿನ ಚಾವಣಿಯ ಕೆಳಗೆ ಸಭೆ. ನೂರಿಪ್ಪತ್ತು ಜನ, ಗಂಡಸರ ಮೊಣಕಾಲ ಮೇಲೆ ಟೋಪಿ, ಹೆಂಗಸರ ಕೈಯಲ್ಲಿ ಬೀಸಣಿಗೆ. ಎರ್ಮಿನಿಯಾ ಎಂದಿನಂತೆ ಮುಂದಿನ ಸಾಲಿನಲ್ಲಿ, ಪಕ್ಕದಲ್ಲಿ ಗಂಡ ಅನ್ಸೆಲ್ಮೊ ಇರಲಿಲ್ಲ. ರುತಿಲಿಯೊ ಮೈಕು ತಟ್ಟಿ, ವರದಿಯನ್ನು ಬರೆದವರೇ ಓದುತ್ತಾರೆ ಎಂದ. ಒಬ್ದೂಲಿಯಾ ಎದ್ದಳು. ಕಾಗದ ಮಡಿಸಿಯೇ ಇತ್ತು.

"ಈ ವರದಿ ತಪ್ಪು" ಎಂದಳು. "ಎರ್ಮಿನಿಯಾ ತೋಟದಲ್ಲಿ ಹುಟ್ಟಿದ್ದು ಚೀಲದ ಕಣಜ ಅಲ್ಲ. ನಮ್ಮೂರಿಂದು. ನೂರ ಎಪ್ಪತ್ತೊಂದು."

ಸಭೆ ಗುಸುಗುಸು ಎಂದಿತು. ರುತಿಲಿಯೊ ಮೈಕು ಹತ್ತಿರಕ್ಕೆಳೆದುಕೊಂಡ. "ಸ್ವಲ್ಪ ತಾಳಿ. ನಂಗೆ ಮೊದಲೇ ಅನುಮಾನ ಇತ್ತು. ದೋನ್ಯಾ ಒಬ್ದು ದೊಡ್ಡ ಮನಸ್ಸಿನವರು, ಹೇಳೋಕೆ ಹಿಂಜರೀತಿದ್ದಾರೆ. ಚೀಟಿ ಅದಲು ಬದಲಾಗಿದೆ. ಅದು ಅವರ ಕೆಲಸ ಅಲ್ಲ."

ಆಗ ಹಿಂದಿನ ಸಾಲಿನಲ್ಲಿ ನಸಾರಿಯಾ ಎದ್ದು ನಿಂತಳು. ಎರಡೂ ಕೈಯಲ್ಲಿ ಶಾಲಿನ ಅಂಚು ಹಿಡಿದಿದ್ದಳು.

"ತಪ್ಪು ನಂದು" ಎಂದಳು. "ನಾನು ಚೀಟಿ ತಪ್ಪು ಹಾಕ್ದೆ. ದೋನ್ಯಾ ಒಬ್ದುಗೆ ಗೊತ್ತಿತ್ತು. ನನ್ನ ಮಕ್ಕಳ ಮುಖ ನೋಡಿ ಯಾರಿಗೂ ಹೇಳ್ಲಿಲ್ಲ. ಅವರನ್ನ ಏನೂ ಅನ್ಬೇಡಿ, ಎರ್ಮಿನಿಯಾ. ಅನ್ನೋದಿದ್ರೆ ನಂಗೆ ಅನ್ನಿ."

ಜನರ ಕಣ್ಣು ಒಬ್ದೂಲಿಯಾಳ ಕಡೆ ತಿರುಗಿತು, ಆ ಕಣ್ಣಿನಲ್ಲಿ ಇದ್ದದ್ದು ಮೆಚ್ಚುಗೆ. "ನೋಡ್ರಪ್ಪಾ, ಇನ್ನೊಬ್ಬಳ ತಪ್ಪನ್ನ ಮೈಮೇಲೆ ಹಾಕ್ಕೊಂಡು ನಿಂತಿದ್ದಾಳೆ" ಎಂದು ಯಾರೋ ಮುದುಕಿ ಹೇಳಿದಳು. ಎಲ್ಲೋ ಒಂದು ಚಪ್ಪಾಳೆ ಶುರುವಾಯಿತು, ಇನ್ನೊಂದು ಸೇರಿತು. ಸುಮ್ಮನೆ ನಿಂತಿದ್ದರೆ ಸಾಕಾಗಿತ್ತು. ಮರ ಉಳಿಯುತ್ತಿತ್ತು, ಹೆಸರು ಮೊದಲಿಗಿಂತ ಎತ್ತರಕ್ಕೆ ಹೋಗುತ್ತಿತ್ತು, ನಸಾರಿಯಾ ಒಬ್ಬಳು ಹೋಗುತ್ತಿದ್ದಳು. ಒಬ್ದೂಲಿಯಾ ಆ ಎರಡು ಚಪ್ಪಾಳೆಯಷ್ಟು ಹೊತ್ತು ಸುಮ್ಮನೆ ನಿಂತದ್ದೂ ನಿಜ.

"ನಿಲ್ಸಿ!" ಎಂದಳು ಆಮೇಲೆ. "ಚೀಟಿ ಸರಿಯಾಗೇ ಇತ್ತು. ನಸಾರಿಯಾ ಯಾವತ್ತೂ ಚೀಟಿ ತಪ್ಪು ಬರ್ದಿಲ್ಲ. ಅವಳ ಮೇಲೆ ಹಾಕಿದ್ದು ನಾನು. ನಾನು ಕಣಜಗಳ ಮುಖ ನೋಡ್ಲಿಲ್ಲ. ಎರಡೇ ಎರಡು ನೋಡ್ದೆ. ಉಳಿದದ್ದಕ್ಕೆ ಬಾಲ ನೋಡಿ ಬರ್ದೆ."

"ಯಾಕೆ ನೋಡ್ಲಿಲ್ಲ?" ಕೇಳಿದವನು ಹಳ್ಳದಾಚೆಯ ತೋಟದವನು, ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. "ಹುಷಾರಿರ್ಲಿಲ್ವಾ? ಕಣ್ಣು ಮಂಜಾಗಿದ್ಯಾ?"

ಅವನೂ ಒಂದು ಬಾಗಿಲು ತೆರೆದು ಕೊಟ್ಟಿದ್ದ. ಒಬ್ದೂಲಿಯಾ ಅದನ್ನೂ ಮುಚ್ಚಿದಳು.

"ಕಣ್ಣು ಚೆನ್ನಾಗೇ ಇದೆ. ಒಂದು ಗಂಟೆಗೆ ಚಾಯೊ ಅಂಗಡೀಲಿ ಕೂದಲು ಮಾಡಿಸ್ಕೋಬೇಕಿತ್ತು. ಸನ್ಮಾನಕ್ಕೆ."

ಒಬ್ಬ ನಕ್ಕ. ಪಕ್ಕದವನು ನಕ್ಕ. ಆಮೇಲೆ ತಗಡಿನ ಚಾವಣಿಯೇ ನಕ್ಕಿತು. ಅವಳು ನಗು ಮುಗಿಯುವವರೆಗೆ ಕೈ ಕಟ್ಟಿಕೊಂಡು ನಿಂತಳು. ಆಮೇಲೆ, ಯಾರೂ ಕೇಳದಿದ್ದರೂ, "ನಸಾರಿಯಾ ತಂದ ತಮಾಲೇನೂ ತಿಂದೆ" ಎಂದಳು. ಈ ಸಲ ಯಾರೂ ನಗಲಿಲ್ಲ. ನಸಾರಿಯಾ ಅವಳನ್ನು ಒಂದು ಗಳಿಗೆ ನೋಡಿ, ಚೀಲ ಹೆಗಲಿಗೆ ಹಾಕಿಕೊಂಡು, ಜನರ ಮೊಣಕಾಲುಗಳ ನಡುವೆ ದಾರಿ ಮಾಡಿಕೊಂಡು ಹೊರಟು ಹೋದಳು. ಕೈ ಎತ್ತಿಸಿ ಎಣಿಸಿದಾಗ ಅಮಟೆ ಮರಗಳು ಉಳಿದವು. ಚೀಟಿ ಬರೆಯುವವಳನ್ನು ಕೆಲಸದಿಂದ ತೆಗೆಯುವ ಮಾತಂತೂ ಯಾರೂ ಎತ್ತಲಿಲ್ಲ. ಒಬ್ದೂಲಿಯಾಳ ಕುರ್ಚಿಯ ವಿಷಯವನ್ನು ಮುಂದಿನ ಸಭೆಗೆ ಹಾಕಿದರು.

ಹೊರಗೆ ಎರ್ಮಿನಿಯಾ ಕಾಯುತ್ತಿದ್ದಳು. ಬೈಯಲಿ, ಕೆನ್ನೆಗೆ ಹೊಡೆಯಲಿ ಎಂದುಕೊಂಡೇ ಒಬ್ದೂಲಿಯಾ ಹತ್ತಿರ ಹೋದಳು.

"ಕೊಮಾದ್ರೆ, ವರದಿ ಬಂದ ದಿನ ನಮ್ಮನೆಯವರು ಏನಂದ್ರು ಗೊತ್ತಾ?" ಎರ್ಮಿನಿಯಾ ಮೆಲ್ಲಗೆ ಕೇಳಿದಳು. "ಆ ಸೀಸೇನ ಹಲಾಪಾಕ್ಕೂ ಒಂದ್ಸಲ ಕಳ್ಸೋಣ ಅಂದ್ರು. ನನಗೆ ಮೈಯೆಲ್ಲ ಉರೀತು. ನನ್ನ ಕೊಮಾದ್ರೆ ಮೇಲೆ ಅನುಮಾನಾನಾ ಅಂತ. ಮೂರು ದಿನ ಅವರ ಮುಂದೆ ತಟ್ಟೆ ಇಡ್ಲಿಲ್ಲ ನಾನು. ಮೂರನೇ ದಿನ ಅವರೇ ಗರಗಸ ತಗೊಂಡು ಹೋದ್ರು." ಅವಳು ಬೀಸಣಿಗೆ ಮಡಿಸಿದಳು. "ನೀವು ಇಲ್ಲಿ ನಾಕು ಜನದ ಮುಂದೆ ಹೇಳಿ ಹಗುರ ಆದ್ರಿ. ಈಗ ಮನೆಗೆ ಹೋಗಿ ಆ ಮನುಷ್ಯನಿಗೆ ನಾನು ಏನಂತ ಹೇಳ್ಲಿ?"

"ನಾನು ಬರ್ತೀನಿ. ನಾನೇ ಹೇಳ್ತೀನಿ."

"ಬನ್ನಿ. ನಿಮಗಲ್ದೆ ಇನ್ಯಾರಿಗೆ ಸೇರಿದ್ದು ಈ ಕೆಲಸ."

ಇಬ್ಬರೂ ಎರ್ಮಿನಿಯಾಳ ಮನೆಯ ಕಡೆ ನಡೆದರು. ಅನ್ಸೆಲ್ಮೊ ಅಂಗಳದಲ್ಲಿ ಕುಳಿತು ಮಚ್ಚು ಮಸೆಯುತ್ತಿದ್ದ. ಅರವತ್ತರ ಗಿಡ್ಡ ಆಳು, ಮಾತು ಕಡಿಮೆ. ಬೇಲಿಯಲ್ಲಿ ಹನ್ನೊಂದು ಬುಡಗಳು ಸಾಲಾಗಿ ಕಾಣುತ್ತಿದ್ದವು. ಒಬ್ದೂಲಿಯಾ ಕೂರದೆ, ನಿಂತೇ ಎಲ್ಲ ಹೇಳಿದಳು. ಮುಖ ನೋಡದ್ದು, ಕೂದಲು, ನಸಾರಿಯಾ, ತಮಾಲೆ. ಯಾವುದನ್ನೂ ಬಿಡಲಿಲ್ಲ. ಹೇಳುವಷ್ಟು ಹೊತ್ತೂ ಅವನು ಮಚ್ಚಿನ ಅಂಚನ್ನೇ ನೋಡುತ್ತಿದ್ದ. ಎರ್ಮಿನಿಯಾ ಕಂಬಕ್ಕೆ ಒರಗಿ, ಗಂಡ ಈಗ ಬಾಯಿ ಬಿಟ್ಟಾನು, ಇನ್ನೇನು ಬಿಟ್ಟಾನು ಎಂದು ಕಾಯುತ್ತಿದ್ದಳು. ಮೂರು ದಿನದ ಹಸಿವಿನ ಮಾತನ್ನು ಅವನು ಆಡಬಹುದಿತ್ತು. ಅವನು ಅದನ್ನು ಆಡಲಿಲ್ಲ.

"ಮರ ಕಡಿಯೋ ದಿನ ಅವು ಬಂದಿದ್ವು" ಎಂದ ಕೊನೆಗೆ.

"ಯಾವುದು?" ಒಬ್ದೂಲಿಯಾ ಕೇಳಿದಳು.

"ಕಣಜ. ಬಿದ್ದ ಹಣ್ಣಿನ ಮೇಲೆ ಕೂತು ಬಾಲ ಚುಚ್ತಾ ಇದ್ವು. ನಾನು ಗರಗಸ ಕೈಯಲ್ಲಿಟ್ಕೊಂಡು ನೋಡ್ತಾ ನಿಂತೆ." ಅವನು ಮಚ್ಚನ್ನು ನೆಲಕ್ಕಿಟ್ಟ. "ನಂಗೆ ಒಂಬತ್ತು ವರ್ಷ ಇದ್ದಾಗ, ಇದೇ ಜಾಗದಲ್ಲಿ, ನಮ್ಮಜ್ಜ ತೋರ್ಸಿದ್ದ. ಮುಟ್ಬೇಡ, ನಮ್ಮ ಹೊಲ ಕಾಯೋವು ಅಂತ. ಅವಾಗ ಯಾವ ಚೀಲ ಇತ್ತು ದೋನ್ಯಾ? ಚೀಲ ಬಂದಿದ್ದು ಆರು ವರ್ಷದ ಹಿಂದೆ. ಅಷ್ಟು ಲೆಕ್ಕ ನಂಗೂ ಬರುತ್ತೆ. ಇವು ನಮ್ಮೂರಿನವೇ ಅಂತ ಅನ್ನಿಸ್ತು."

"ಮತ್ತೆ ಯಾಕೆ…" ಎಂದಳು ಎರ್ಮಿನಿಯಾ.

"ಆಮೇಲೆ ಅಂದ್ಕೊಂಡೆ, ನಿಂಗೇನು ಗೊತ್ತು ಕತ್ತೆ, ದೋನ್ಯಾ ಒಬ್ದು ಯಂತ್ರದಲ್ಲಿ ನೋಡಿ ಬರ್ದಿದ್ದಾರೆ ಅಂತ. ನನ್ನ ಕಣ್ಣೇ ಸುಳ್ಳಿರ್ಬೇಕು ಅಂತ. ಗರಗಸ ಹಾಕ್ದೆ." ಅವನು ತಲೆ ಎತ್ತಿ ಒಬ್ದೂಲಿಯಾಳನ್ನು ನೋಡಿದ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ, ಕ್ಷಮೆ ಕೇಳುವವನ ಹಾಗೆ ನೋಡುತ್ತಿದ್ದ. "ನಾನು ನೋಡಿದ್ದ್ ನಾನೇ ಹೇಳ್ಬೇಕಿತ್ತು. ಹೇಳೋಕೆ ನಾಚ್ಕೆ ಆಯ್ತು. ನಿಮ್ಮ ಮುಂದೆ ನಾನು ಕಣಜದ ಮಾತಾಡೋದಾ ಅಂತ."

ಸಭೆಯ ನಗುವಿಗೆ ಅಳದವಳು, ನಸಾರಿಯಾ ಎದ್ದು ಹೋದಾಗ ಅಳದವಳು, ಒಬ್ದೂಲಿಯಾ ಈಗ ಮುಖವನ್ನು ಎರಡೂ ಅಂಗೈಯಲ್ಲಿ ಮುಚ್ಚಿಕೊಂಡು ಅತ್ತಳು. ಹದಿನೈದು ವರ್ಷ ಮಸೂರದ ಮುಂದೆ ಕುಳಿತು ಅವಳು ಕಟ್ಟಿದ ಹೆಸರು ಇಷ್ಟು ದೊಡ್ಡದಾಗಿತ್ತು. ಅದರ ಎದುರು ಒಬ್ಬ ಮನುಷ್ಯ ತನ್ನ ಅಂಗಳದಲ್ಲಿ ತಾನು ಕಂಡದ್ದನ್ನು ಹೇಳಲು ನಾಚಿದ್ದ.

ಸ್ವಲ್ಪ ಹೊತ್ತಿನ ಮೇಲೆ ಅನ್ಸೆಲ್ಮೊ ಒಳಗಿಂದ ಕುರ್ಚಿಯೊಂದನ್ನು ತಂದು ಅವಳ ಹಿಂದೆ ಇಟ್ಟ. ಎರ್ಮಿನಿಯಾ ಕಾಫಿಗೆ ನೀರಿಡಲು ಹೋದಳು. ಕಾಫಿ ಬಂದಾಗ ಮೂವರೂ ಬಿಸಿಲಲ್ಲೇ ಕುಳಿತು, ಒಬ್ಬರನ್ನೊಬ್ಬರು ನೋಡದೆ ಕುಡಿದರು.